ಇಳಿದ ಮೇಲಷ್ಟೇ ಚಿತ್ರ

ಬಾರ್ಸಿಲೋನಾ,
ಅಕ್ಟೋಬರ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ,

ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಗದಗಿನ ಕಡೆ ಹಿಂಗಾರಿ ಬಿತ್ತನೆ ಶುರುವಾಗಿರಬೇಕು. ಫೋನಿನಲ್ಲಿ ನಮ್ಮ ಮಾತು ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ಇವತ್ತು ಹೇಳಬೇಕೆಂದಿರುವುದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ.

ನಾವು ನಾಲ್ವರು ಒಂದು ವಾರದ ರಜೆ ಹಾಕಿ ಇಲ್ಲಿಗೆ ಬಂದಿದ್ದೇವೆ. ನನ್ನನ್ನು ಬಿಟ್ಟು ಉಳಿದ ಮೂವರೂ ರೋಲರ್‌ಬ್ಲೇಡ್ ಕಟ್ಟುವವರು: ಒಬ್ಬ ಬೆಂಗಳೂರಿನವನು, ಒಬ್ಬ ಪೋಲೆಂಡಿನವನು, ಇನ್ನೊಬ್ಬಳು ಡಚ್ ಹುಡುಗಿ. ನಾನು ಕೆಲಸ ಮಾಡುವ ಐಂಡ್‌ಹೋವನ್‌ನಲ್ಲಿ, ಹಿಂದೆ ಫಿಲಿಪ್ಸ್ ಕಾರ್ಖಾನೆಗಳಿದ್ದ ಸ್ಟ್ರೈಪ್-ಎಸ್ ಬಡಾವಣೆಯಲ್ಲಿ, ಏರಿಯಾ 51 ಎಂಬ ಒಳಾಂಗಣ ಸ್ಕೇಟ್‌ಪಾರ್ಕ್ ಇದೆ. ಮಳೆಯ ಸಂಜೆಯೊಂದರಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಅಲ್ಲಿಗೆ ಹೋದವಳು ಕ್ಯಾಮೆರಾ ತೆಗೆದೆ. ಅವತ್ತಿನಿಂದ ಇವರು ನನ್ನ ಗೆಳೆಯರು.

ಚಕ್ರದ ಬೂಟು ಎಂದರೆ ನಿಮಗೆ ಮಕ್ಕಳು ರಿಂಕಿನಲ್ಲಿ ಸುತ್ತು ಹಾಕುವುದು ನೆನಪಾಗಬಹುದು. ನಮ್ಮ ಬೆಂಗಳೂರಿನ ಗೆಳೆಯನೂ ಹಾಗೆಯೇ ಶುರುಮಾಡಿದವನು. ಚಿಕ್ಕಂದಿನಲ್ಲಿ ಸ್ಪೀಡ್ ಸ್ಕೇಟಿಂಗ್ ಕಲಿತು, 110 ಮಿಲಿಮೀಟರ್ ಚಕ್ರಗಳ ಮೇಲೆ ಓಡಿದವನು. ಈಗ ಅವನ ಚಕ್ರಗಳು 58 ಮಿಲಿಮೀಟರ್. ವೇಗ ಕಡಿಮೆ, ಆದರೆ ಬೂಟು ನೆಲಕ್ಕೆ ಹತ್ತಿರ, ಹಾರಿ ಇಳಿಯಲು ಗಟ್ಟಿ. ನಾಲ್ಕೂ ಚಕ್ರ ಒಂದೇ ಸಾಲಿನಲ್ಲಿರುತ್ತವೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸ್ಕಾಟ್ ಓಲ್ಸನ್ ಎಂಬ ಐಸ್ ಹಾಕಿ ಆಟಗಾರ 1980ರ ಹೊತ್ತಿಗೆ, ಮಂಜಿಲ್ಲದ ತಿಂಗಳುಗಳಲ್ಲೂ ಅಭ್ಯಾಸ ತಪ್ಪಬಾರದೆಂದು ಇಂಥ ಬೂಟುಗಳನ್ನು ತಿದ್ದಿ ಮಾರಲು ಹೊರಟ. ಮುಂದಿನ ಪೀಳಿಗೆಯ ಹುಡುಗರು ಅವನ್ನು ಬೀದಿಗೆ ತಂದರು. ಮೆಟ್ಟಿಲ ಕಂಬಿ, ಕಲ್ಲಿನ ಕಟ್ಟೆ, ಇಳಿಜಾರು ಗೋಡೆ ಎಲ್ಲವೂ ಅವರಿಗೆ ಆಟದ ಬಯಲಾಯಿತು. ಬೂಟಿನ ಅಡಿಯನ್ನೋ ಚಕ್ರಗಳ ನಡುವಿನ ಸಂದನ್ನೋ ಇವುಗಳ ಮೇಲೆ ಊರಿ ಜಾರುವುದಕ್ಕೆ ಗ್ರೈಂಡ್ ಎನ್ನುತ್ತಾರೆ.

ಮೊದಲ ದಿನ ಹೋದದ್ದು ರವಾಲ್ ಬಡಾವಣೆಯ ಮಕ್ಬಾ ಎಂಬ ಸಮಕಾಲೀನ ಕಲೆಯ ಮ್ಯೂಸಿಯಂ ಮುಂದಿನ ಚೌಕಕ್ಕೆ. ರಿಚರ್ಡ್ ಮೈಯರ್ ಎಂಬ ಅಮೆರಿಕದ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಈ ಕಟ್ಟಡ 1995ರಲ್ಲಿ ತೆರೆಯಿತು. ಕಟ್ಟಡ ಪೂರ್ತಿ ಬಿಳಿ. ಒಳಗೆ ಚಿತ್ರ ನೋಡುವವರಿಗಿಂತ ಹೊರಗೆ ಕಲ್ಲುಹಾಸಿನ ಮೇಲೆ ಸ್ಕೇಟ್‌ಬೋರ್ಡ್ ಹಿಡಿದು ಬಂದವರೇ ಅದನ್ನು ಲೋಕಪ್ರಸಿದ್ಧ ಮಾಡಿದ್ದಾರೆಂದು ಗೆಳೆಯರು ಹೇಳುತ್ತಾರೆ. ಬ್ಲೇಡಿನವರು ಅಲ್ಲಿ ತಮ್ಮ ಸರದಿ ಕಾಯಬೇಕು. ನಾವೂ ಒಂದು ಮೂಲೆಯ ಕಟ್ಟೆಯ ಹತ್ತಿರ ಕಾದೆವು.

ಅಪ್ಪಾ, ಆ ಬೆಳಕನ್ನು ನೀವು ನೋಡಬೇಕಿತ್ತು. ಕಲ್ಯಾಣ ಮಂಟಪದಲ್ಲಿ ಫೋಟೊ ತೆಗೆಯುವಾಗ ನೀವು ಫ್ಲ್ಯಾಶನ್ನು ಮದುಮಕ್ಕಳ ಮುಖಕ್ಕೆ ಹಿಡಿಯದೆ ಸುಣ್ಣದ ಗೋಡೆಗೆ ತಿರುಗಿಸುತ್ತಿದ್ದಿರಲ್ಲ, ಇಲ್ಲಿ ಸೂರ್ಯನೇ ಆ ಕೆಲಸ ಮಾಡುತ್ತಾನೆ. ಸಂಜೆಯ ಬಿಸಿಲು ಬಿಳಿ ಗೋಡೆಗೆ ಬಡಿದು ಚೌಕದ ಮೇಲೆ ಹಾಲಿನಂತೆ ಹರಡುತ್ತದೆ. ಹೆಲ್ಮೆಟ್ಟಿನ ನೆರಳಿನಲ್ಲಿರುವ ಕಣ್ಣು ಕೂಡ ಕಾಣುತ್ತದೆ. ನನ್ನ ಚೀಲದಲ್ಲಿದ್ದ ಎರಡು ಫ್ಲ್ಯಾಶ್‌ಗಳನ್ನು ಅವತ್ತು ಹೊರಗೆ ತೆಗೆಯಲೇ ಇಲ್ಲ.

ಈ ಆಟದ ಚಿತ್ರ ತೆಗೆಯುವವರ ಬಳಿ ಸಾಮಾನ್ಯವಾಗಿ ಎರಡು ಲೆನ್ಸ್ ಇರುತ್ತವೆ. ಒಂದು ಫಿಶ್‌ಐ, ತೀರಾ ಅಗಲ ನೋಟದ್ದು. ಅದನ್ನು ಹಿಡಿದವರು ಆಟಗಾರನಿಗೆ ಕೈಯಳತೆಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಚಕ್ರ ಗಾಜಿಗೆ ತಾಗೀತೇನೋ ಎನ್ನುವಷ್ಟು ಹತ್ತಿರ. ಅವನು ಎಡವಿದರೆ ಬೀಳುವುದು ನಮ್ಮ ಮೇಲೆ. ಅದಕ್ಕೇ ಗುರುತಿಲ್ಲದವರನ್ನು ಫಿಶ್‌ಐನಲ್ಲಿ ತೆಗೆಯಲು ನನಗೆ ಧೈರ್ಯ ಸಾಲದು. ಗೆಳೆಯನಾದರೆ ಅವನ ಉಸಿರು ಗೊತ್ತಿರುತ್ತದೆ. ಯಾವ ಕಡೆಗೆ ಬೀಳುತ್ತಾನೆ ಎನ್ನುವುದೂ ಗೊತ್ತಿರುತ್ತದೆ. ಇನ್ನೊಂದು ಉದ್ದದ ಲೆನ್ಸ್. ದೂರ ನಿಂತರೆ ಮೆಟ್ಟಿಲುಗಳು ಎಷ್ಟು, ಓಡಿ ಬಂದ ದಾರಿ ಎಷ್ಟು, ಇಳಿಯುವ ಜಾಗ ಎಲ್ಲಿ ಎಲ್ಲವೂ ಚೌಕಟ್ಟಿನೊಳಗೆ ಬರುತ್ತವೆ. ಪೋಲೆಂಡಿನ ಗೆಳೆಯ ನನಗೆ ಕಲಿಸಿದ ಮೊದಲ ಪಾಠವೇ ಅದು: ಎಲ್ಲಿಂದ ಬಂದ, ಎಲ್ಲಿಗೆ ಹೋಗುತ್ತಾನೆ ಎರಡೂ ಕಾಣಬೇಕು, ಇಲ್ಲದಿದ್ದರೆ ಅದು ಕಂಬಿಯ ಮೇಲೆ ನಿಂತ ಒಬ್ಬ ಮನುಷ್ಯನ ಚಿತ್ರ, ಅಷ್ಟೆ.

ಕ್ಯಾಮೆರಾ ಸುಲಭವಾಗಿ ಸುಳ್ಳು ಹೇಳುತ್ತದೆ ಎಂಬುದನ್ನೂ ಇಲ್ಲೇ ಕಂಡೆ. ನೆಲಕ್ಕೆ ಮಲಗಿ ತೆಗೆದರೆ ಎರಡಡಿಯ ಜಿಗಿತವೂ ಆಳೆತ್ತರ ಕಾಣುತ್ತದೆ. ಎರಡು ದಿನ ಹಾಗೆಯೇ ತೆಗೆದು ಸಂಭ್ರಮಪಟ್ಟೆ. ಡಚ್ ಗೆಳತಿ ನೋಡಿ, ಚಿತ್ರ ಚೆನ್ನಾಗಿದೆ, ಆದರೆ ಇಷ್ಟು ಎತ್ತರ ನಾನು ಹಾರಲಿಲ್ಲವಲ್ಲ ಎಂದಳು. ಮೂರನೆಯ ದಿನದಿಂದ ಎದೆಯೆತ್ತರದಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದೇನೆ.

ಸಮುದ್ರದ ಬದಿಯ ಮಾರ್ ಬೆಲ್ಯಾ ಸ್ಕೇಟ್‌ಪಾರ್ಕಿನಲ್ಲಿ ಒಂದಿಡೀ ದಿನ ಕಳೆದೆವು. ಬಾವಿಯ ಒಳಗೋಡೆಯಂತೆ ಬಾಗಿದ ಸಿಮೆಂಟಿನ ಬೌಲ್. ಅದರಲ್ಲಿ ಇಳಿದವರು ತಮ್ಮ ವೇಗವನ್ನೇ ಹಿಡಿದು ಮತ್ತೆ ಅಂಚಿಗೆ ಏರುತ್ತಾರೆ. ಬೀದಿಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಶಟರ್ ಇಟ್ಟು ಎಲ್ಲವನ್ನೂ ಹೆಪ್ಪುಗಟ್ಟಿಸುವ ನಾನು ಇಲ್ಲಿ ಅರವತ್ತರಲ್ಲೊಂದಕ್ಕೆ ಇಳಿಸಿದೆ. ಜಾತ್ರೆಯಲ್ಲಿ ತೇರಿನ ಜೊತೆಗೆ ಕ್ಯಾಮೆರಾ ತಿರುಗಿಸುವುದನ್ನು ನೀವು ಕಲಿಸಿದ್ದಿರಿ. ಹಾಗೆಯೇ ಅವರ ಓಟದ ಜೊತೆ ಸೊಂಟ ತಿರುಗಿಸುತ್ತ ಒತ್ತಿದೆ. ಹಿಂದಿನ ಸಮುದ್ರ ನೀಲಿ ಗೆರೆಗಳಾಗಿ ಎಳೆದುಕೊಂಡಿತು, ಮುಖ ಮಾತ್ರ ನಿಚ್ಚಳ ನಿಂತಿತು. ನೂರಕ್ಕೆ ಹತ್ತು ಸರಿಬಂದರೆ ಹೆಚ್ಚು. ಆ ಹತ್ತರಲ್ಲಿ ಗಾಳಿಯೇ ಕಾಣುತ್ತದೆ.

ಪಾರ್ಕಿನಲ್ಲಿ ಆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬೀದಿಯ ಮಾತು ಬೇರೆ. 2006ರ ಆರಂಭದಲ್ಲಿ ಜಾರಿಗೆ ಬಂದ ಊರಿನ ಕಟ್ಟಳೆಯೊಂದು, ಗೊತ್ತುಮಾಡಿದ ಜಾಗದ ಹೊರಗೆ ಸೈಕಲ್, ಸ್ಕೇಟು, ಸ್ಕೇಟ್‌ಬೋರ್ಡುಗಳ ಮೇಲೆ ಕಸರತ್ತು ಮಾಡುವುದನ್ನು ತಡೆಯಿತು. ದಂಡ ಹಾಕುವುದೂ ಉಂಟು. ಇಲ್ಲಿಯ ನಿವಾಸಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಗ್ರಾನೈಟಿನ ಮೇಲೆ ಚಕ್ರದ ಸದ್ದು, ಕಟ್ಟೆಯ ಅಂಚಿನಲ್ಲಿ ಜಾರಲೆಂದು ಹಚ್ಚಿದ ಮೇಣದ ಕಪ್ಪು ಕಲೆ, ಇವು ಅವರ ಮನೆಬಾಗಿಲಲ್ಲೇ ಉಳಿಯುತ್ತವೆ. ನಮ್ಮವರು ತಮಗೆ ತಾವೇ ಕೆಲವು ನಿಯಮ ಹಾಕಿಕೊಂಡಿದ್ದಾರೆ: ಜನ ನಡೆಯುವ ಹೊತ್ತಿನಲ್ಲಿ ಇಲ್ಲ, ಮನೆಗಳ ಕಿಟಕಿ ಕೆಳಗೆ ಇಲ್ಲ, ಯಾರಾದರೂ ಹೋಗಿ ಎಂದರೆ ಎದುರು ಮಾತಿಲ್ಲ. ಎರಡು ಕಡೆ ಕಾವಲುಗಾರರು ಬಂದರು, ನಾವು ಬೂಟು ಬಿಚ್ಚಿದೆವು. ನನ್ನದೂ ಒಂದು ನಿಯಮವಿದೆ. ಗುರುತಿಲ್ಲದ ಮಕ್ಕಳ ಮುಖ ಚೌಕಟ್ಟಿಗೆ ಬಂದರೆ ಆ ಚಿತ್ರ ಇಟ್ಟುಕೊಳ್ಳುವುದಿಲ್ಲ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ. ಈ ಕಾಗದ ಬರೆಯಲು ಕೂತದ್ದೇ ಅದಕ್ಕಾಗಿ.

ಪೊಬ್ಲೆನೌ ಎಂಬ ಬಡಾವಣೆಯಿದೆ. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಈಗಲೂ ಅಲ್ಲಲ್ಲಿ ಹಳೆಯ ಇಟ್ಟಿಗೆ ಚಿಮಣಿಗಳು ನಿಂತಿವೆ. ಅಲ್ಲಿ ಮುಚ್ಚಿದ ಒಂದು ಗೋದಾಮಿನ ಬದಿಯಲ್ಲಿ ಒಂಬತ್ತು ಮೆಟ್ಟಿಲು, ನಡುವೆ ದುಂಡು ಕಂಬಿ. ಬೆಂಗಳೂರಿನ ಗೆಳೆಯ ಅದರ ಮೇಲೆ ಸೋಲ್ ಗ್ರೈಂಡ್ ಮಾಡಬೇಕೆಂದು ಬಂದ ದಿನದಿಂದ ಕಣ್ಣಿಟ್ಟಿದ್ದ. ಹಿಂಗಾಲಿನ ಬೂಟಿನ ಅಡಿಯ ಹೊರಬದಿ ಕಂಬಿಯ ಉದ್ದಕ್ಕೂ ಮಲಗಬೇಕು. ಮುಂಗಾಲು ಅಡ್ಡಲಾಗಿ ನಿಂತು, ಎರಡು ಮತ್ತು ಮೂರನೆಯ ಚಕ್ರಗಳ ನಡುವಿನ ಸಂದು ಕಂಬಿಯನ್ನು ಕಚ್ಚಬೇಕು. ಕಚ್ಚುವ ಮೊದಲು ಶಟರ್ ಒತ್ತಿದರೆ ಕಾಲು ಗಾಳಿಯಲ್ಲಿರುತ್ತದೆ, ತಡವಾದರೆ ಬಿಟ್ಟು ಹೊರಟಿರುತ್ತದೆ. ನಡುವೆ ಒಂದು ಗಳಿಗೆಯಿದೆ: ಮಂಡಿ ಮಡಚಿ, ಭುಜ ಇಳಿದು, ಕಣ್ಣು ಕಂಬಿಯ ತುದಿಗೆ ನೆಟ್ಟ ಗಳಿಗೆ. ನಾನು ಕಾಯುವುದು ಅದಕ್ಕೆ.

ನಾಲ್ಕು ಗಂಟೆಗೆ ಶುರುವಾಯಿತು. ಗೆಳತಿ ಕಂಬಿಗೆ ಮೇಣದಬತ್ತಿ ಉಜ್ಜಿದಳು. ಪೋಲೆಂಡಿನವನು ಕೆಳಗಿನ ರಸ್ತೆಯಲ್ಲಿ ನಿಂತು, ಬರುವವರಿಗೆ ಕೈ ಮಾಡಿ ದಾರಿ ತೋರುತ್ತಿದ್ದ. ಬೆಂಗಳೂರಿನವನು ಮೊದಲ ಸಲ ಕಂಬಿಯನ್ನು ಬರೀ ಮುಟ್ಟಿ ಹಾರಿದ. ಐದನೆಯ ಸಲ ಅರ್ಧಕ್ಕೆ ಬಂದ. ಎಷ್ಟನೆಯ ಸಲ ಎಂದು ಗಟ್ಟಿಯಾಗಿ ಎಣಿಸಬಾರದು, ಅದೂ ಒಂದು ಅಲಿಖಿತ ನಿಯಮ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹನ್ನೊಂದನೆಯ ಸಲ ಎಲ್ಲವೂ ಕೂಡಿಬಂತು. ಚಿಮಣಿಯ ಹಿಂದಿನಿಂದ ಬಿಸಿಲು ಓರೆಯಾಗಿ ಬಿತ್ತು, ಅವನ ನೆರಳು ಮೆಟ್ಟಿಲುಗಳ ಮೇಲೆ ಮಡಿಕೆ ಮಡಿಕೆಯಾಗಿ ಹರಡಿತು, ಕಾಲುಗಳು ಕೆತ್ತಿಟ್ಟಂತೆ ಕಂಬಿಯ ಮೇಲೆ ಕೂತವು. ಒತ್ತಿದೆ. ಸರಿಬಂತು ಎಂದು ಬೆರಳಿಗೇ ಗೊತ್ತಾಯಿತು. ಆದರೆ ಕಂಬಿಯ ಕೊನೆಯಲ್ಲಿ ಅವನ ಹಿಂಗಾಲು ಜಾರಿತು. ಮೊಣಕೈ ಊರಿ ಬಿದ್ದ. ಗಾರ್ಡ್ ಇದ್ದುದರಿಂದ ಪೆಟ್ಟು ದೊಡ್ಡದಲ್ಲ.

ಎದ್ದು ಬಂದವನಿಗೆ ತೆರೆಯ ಮೇಲೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದ. ನಾನು ಈವರೆಗೆ ತೆಗೆದದ್ದರಲ್ಲೇ ಚೆಂದದ ಚಿತ್ರ ಅಪ್ಪಾ. ಬಿದ್ದದ್ದು ಅದರಲ್ಲಿ ಎಳ್ಳಷ್ಟೂ ಕಾಣುವುದಿಲ್ಲ. ಇಷ್ಟು ಸಾಕು, ಮನೆಗೆ ಹೋಗೋಣ ಎಂದೆ. ಅವನು ಕನ್ನಡದಲ್ಲೇ ಹೇಳಿದ: “ಇಳಿದಿಲ್ಲ ಕಣೆ. ಇಳೀದೆ ಇದ್ರೆ ಅದು ನಂದಲ್ಲ.”

ಈ ಆಟದವರಲ್ಲಿ ಇದು ಹಳೆಯ ಮರ್ಯಾದೆ. ಕಂಬಿಯಿಂದ ಇಳಿದು, ಚಕ್ರಗಳ ಮೇಲೆ ನಿಂತು, ಉರುಳಿಕೊಂಡು ಮುಂದೆ ಹೋದರೆ ಮಾತ್ರ ಮಾಡಿದಂತೆ. ಮಾಡದ್ದರ ಚಿತ್ರವನ್ನು ಮಾಡಿದ್ದೆಂದು ತೋರಿಸಿದರೆ ಸುಳ್ಳು ಹೇಳಿದಂತೆ. ನೋಡುವವರಿಗೆ ಗೊತ್ತಾಗದಿರಬಹುದು, ಅಲ್ಲಿ ನಿಂತಿದ್ದ ನಾಲ್ವರಿಗೆ ಗೊತ್ತಿರುತ್ತದೆ.

ಆಗ ನನಗೆ ನೀವು ನೆನಪಾದಿರಿ. ನಾನು ಹೈಸ್ಕೂಲಿನಲ್ಲಿದ್ದಾಗ ಬೆಟಗೇರಿಯ ಒಂದು ಮದುವೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ರೋಲ್ ಸಿಕ್ಕಿಹಾಕಿಕೊಂಡು ತಾಳಿ ಕಟ್ಟುವ ಫೋಟೊ ತಪ್ಪಿಹೋಯಿತು. ಬೀಗರೇ ಬಂದು, ಚಿಂತೆಯಿಲ್ಲ, ಇನ್ನೊಮ್ಮೆ ಕಟ್ಟಿದ ಹಾಗೆ ನಿಲ್ಲಿಸುತ್ತೇವೆ, ತೆಗೆಯಿರಿ ಎಂದರು. ನೀವು ಕೈ ಮುಗಿದಿರಿ. ಕಟ್ಟಿದ್ದು ಒಂದೇ ಸಲ, ನಾನು ತಪ್ಪಿಸಿದೆ, ಆಲ್ಬಮ್ಮಿನ ಆ ಹಾಳೆ ಖಾಲಿ ಇರಲಿ, ದುಡ್ಡು ಕಡಿಮೆ ಕೊಡಿ ಎಂದಿರಿ. ಮನೆಗೆ ಬಂದ ಮೇಲೆ ಅವ್ವ ಬೇಸರ ಮಾಡಿಕೊಂಡಳು. ನನಗೂ ಆಗ ಅದು ಹಟವೆನಿಸಿತ್ತು. ನಿನ್ನೆ ಆ ಮೆಟ್ಟಿಲುಗಳ ಕೆಳಗೆ ನಿಂತಾಗ ಅರ್ಥವಾಯಿತು. ನಿಮಗೆ ಎರಡನೆಯ ಸಲ ಇರಲಿಲ್ಲ. ಇವನಿಗೆ ಎಷ್ಟು ಸಲ ಬೇಕಾದರೂ ಉಂಟು. ಆದರೂ ನೀವು ಹೇಳಿದ್ದೂ ಅವನು ಹೇಳಿದ್ದೂ ಒಂದೇ ಮಾತು.

ಗೆಳೆಯ ಮತ್ತೆ ಮೇಲೆ ಹತ್ತಿದ. ಬಿಸಿಲು ಚಿಮಣಿ ಬಿಟ್ಟು ಕೆಳಗಿಳಿಯಿತು, ಬೀದಿದೀಪಗಳು ಹತ್ತಿದವು. ಎರಡು ಫ್ಲ್ಯಾಶ್‌ಗಳನ್ನು ಮೆಟ್ಟಿಲಿನ ಎರಡು ಕಡೆ ನಿಲ್ಲಿಸಿ ಕಡಿಮೆ ಶಕ್ತಿಗೆ ಇಟ್ಟೆ. ಆಗ ಬೆಳಕು ಮಿಂಚುವ ಹೊತ್ತೂ ಕಡಿಮೆ, ಚಲನೆ ನಿಲ್ಲುತ್ತದೆ. ಅವನು ಜಿಗಿಯುವಾಗ ಕಣ್ಣಿಗೆ ಬಡಿಯದಂತೆ ಎರಡನ್ನೂ ಬದಿಗೆ ತಿರುಗಿಸಿದೆ. ಇಪ್ಪತ್ಮೂರನೆಯ ಸಲ ಕಂಬಿ ಪೂರ್ತಿ ಜಾರಿದ, ಇಳಿದ, ಎರಡು ಕೈ ಚಾಚಿ ಒಮ್ಮೆ ತೂಗಾಡಿದ, ನಿಂತ, ರಸ್ತೆಯ ತಿರುವಿನವರೆಗೆ ಉರುಳಿಕೊಂಡು ಹೋದ. ಪೋಲೆಂಡಿನವನು ಓಡಿಹೋಗಿ ಅವನನ್ನು ಎತ್ತಿಕೊಂಡ. ಗೆಳತಿ ಅಳುತ್ತಿದ್ದಳು. ನಾನು ಕ್ಯಾಮೆರಾ ಕೆಳಗಿಟ್ಟು ಹೋಗಿ ಸೇರಿಕೊಂಡೆ.

ಆ ಚಿತ್ರದಲ್ಲಿ ಬೆಳಕು ಸಪ್ಪೆ. ಒಂದು ಭುಜಕ್ಕೆ ಫ್ಲ್ಯಾಶ್ ಹೆಚ್ಚಾಗಿದೆ, ಚಿಮಣಿ ಕತ್ತಲಲ್ಲಿ ಕರಗಿಹೋಗಿದೆ. ಆದರೆ ಅವನ ಮುಖದಲ್ಲಿ ಹನ್ನೊಂದನೆಯ ಸಲ ಇಲ್ಲದ್ದು ಏನೋ ಇದೆ: ದಣಿವು, ಅದರ ಅಡಿಯಲ್ಲಿ ಗಟ್ಟಿಯಾದ ನಿರ್ಧಾರ.

ಇದನ್ನೆಲ್ಲ ಇಷ್ಟು ಮುತುವರ್ಜಿಯಿಂದ ಏಕೆ ಮಾಡಬೇಕು ಎಂದು ನೀವು ಕೇಳಬಹುದು. 1995ರಲ್ಲಿ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟ ಶುರುವಾದಾಗ ಈ ಆಟಕ್ಕೂ ಅಲ್ಲಿ ಜಾಗವಿತ್ತು. ಹತ್ತು ವರ್ಷದಲ್ಲಿ ಕೈಬಿಟ್ಟರು. ಇದಕ್ಕೇ ಮೀಸಲಾಗಿದ್ದ ‘ಡೈಲಿ ಬ್ರೆಡ್’ ಎಂಬ ಅಮೆರಿಕದ ಪತ್ರಿಕೆಯೂ ನಿಂತುಹೋಯಿತು. ದೊಡ್ಡ ದುಡ್ಡು, ದೊಡ್ಡ ಕ್ಯಾಮೆರಾಗಳು ಹೊರಟುಹೋದವು. ಬಿಡದೆ ಆಡುತ್ತ ಬಂದವರ ಲೆಕ್ಕ ಇಡುವವರು ಈಗ ಅವರ ಗೆಳೆಯರೇ. ನಾವು ಸುಳ್ಳು ತೆಗೆದರೆ ತಿದ್ದಲು ಬೇರೆ ಯಾರೂ ಇಲ್ಲ.

ಇವತ್ತು ಯಾರೂ ಬೂಟು ಕಟ್ಟಲಿಲ್ಲ. ಬೆಳಿಗ್ಗೆ ಟೊಮೆಟೊ ಉಜ್ಜಿ ಎಣ್ಣೆ ಬಿಟ್ಟ ಇಲ್ಲಿಯ ಬ್ರೆಡ್ ತಿಂದು, ಅವನ ಮೊಣಕೈಗೆ ಐಸ್ ಇಟ್ಟು, ಚಿತ್ರಗಳನ್ನು ಆರಿಸುತ್ತ ಕೂತೆವು. ಮದುವೆ ಮನೆಯಲ್ಲಿ ನೀವು ತಪ್ಪದೆ ಅಡುಗೆಯವರ ಫೋಟೊ ತೆಗೆಯುತ್ತಿದ್ದಿರಲ್ಲ, ನಾನೂ ಹಾಗೆ ಮೇಣ ಉಜ್ಜುವ ಕೈ, ಬಕಲ್ ಬಿಗಿಯುವ ಬೆರಳು, ರಸ್ತೆ ಕಾಯುವ ಬೆನ್ನು ಎಲ್ಲವನ್ನೂ ತೆಗೆದಿದ್ದೇನೆ. ಹನ್ನೊಂದನೆಯ ಸಲದ್ದನ್ನು ಅವನ ಎದುರೇ ಅಳಿಸಿದೆ.

ಇಪ್ಪತ್ಮೂರನೆಯ ಸಲದ್ದನ್ನು ಅಚ್ಚು ಹಾಕಿಸಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಸ್ಟುಡಿಯೋದ ಮುಂಗಟ್ಟಿನ ಗಾಜಿನ ಹಿಂದೆ, ನಿಮ್ಮ ತೇರಿನ ಚಿತ್ರದ ಪಕ್ಕ ಹಾಕಿ. ಯಾರಾದರೂ ಬೆಳಕು ಸಪ್ಪೆಯಾಗಿದೆಯಲ್ಲ ಎಂದರೆ, ಹುಡುಗ ಇಳಿದಿದ್ದಾನೆ ಎಂದು ಹೇಳಿ.

ಇಂತಿ
ನಿಮ್ಮ ಮಗಳು