ಮೊದಲು ಅಮ್ಮನ ಹಾಡು, ಆಮೇಲೆ ವೈರಸ್

ಪ್ರೀತಿಯ ಗೆಳತಿ,

"ಕಂಪ್ಯೂಟರಿಗೆ ವೈರಸ್ಸೇ ಹೊಕ್ಕಿದೆ ಕಣೇ, ಈ ಹುಡುಗನ ಪೆನ್‌ಡ್ರೈವ್‌ನಿಂದಲೇ ಬಂದಿದ್ದು, ನಾಳೆ ಫಾರ್ಮ್ಯಾಟ್ ಮಾಡಿಸಿಬಿಡ್ತೀನಿ" ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದ್ದು ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬೇಡ. ಹುಡುಗನನ್ನು ಬೈಯುವುದೂ ಬೇಡ.

ಅಮ್ಮ ಹೇಳಿದ ಸೋಬಾನೆ ಹಾಡುಗಳ ರೆಕಾರ್ಡಿಂಗ್ ಇರುವುದು ಆ ಕಂಪ್ಯೂಟರಿನಲ್ಲಿ ಮಾತ್ರ. ವಿಂಡೋಸ್ ಎಷ್ಟು ಸಲ ಬೇಕಾದರೂ ಹಾಕಿಸಬಹುದು, ಆ ದನಿ ಹೋದರೆ ಹೋಯಿತು. ಹಾಗಾಗಿ ಮಷೀನು ತಣ್ಣಗಿರುವಾಗ ಆನ್ ಮಾಡಿ, ಬೇರೇನೂ ತೆರೆಯದೆ, ಮೊದಲು ಹಾಡು, ಆಮೇಲೆ ಫೋಟೊ, ಆಮೇಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನಿನ್ನ ಬರಹಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡು. ಮುಗಿದ ಕೂಡಲೇ ಡಿಸ್ಕನ್ನು ಬಿಚ್ಚಿಡು. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ವೈರಸ್, ಕಂಪ್ಯೂಟರಿಗೆ ಸಿಕ್ಕಿಸಿದ್ದ ಡಿಸ್ಕುಗಳಲ್ಲಿದ್ದ ಫೈಲುಗಳಿಗೂ ಬೀಗ ಹಾಕುತ್ತಿತ್ತು.

ಇನ್ನು ಕಾಯಿಲೆಯ ವಿಚಾರ. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ತಟ್ಟನೆ ಆಫ್ ಆಗುತ್ತದೆ, ಕೂಡಲೇ ಮತ್ತೆ ಹಾಕಿದರೆ ಇನ್ನೂ ಬೇಗ ಆಫ್ ಆಗುತ್ತದೆ, ಬಿಟ್ಟು ಹಾಕಿದರೆ ಸರಿಯಿರುತ್ತದೆ ಎಂದೆ. ನನಗೆ ಮೊದಲ ಅನುಮಾನ ಬಿಸಿಯ ಮೇಲೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದರೆ ವೇಗ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಸುಟ್ಟುಹೋಗದಿರಲೆಂದು ತಾನೇ ಆಫ್ ಆಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು ಬ್ಲೋವರಿನಿಂದ ಧೂಳು ಹಾರಿಸು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಅಂಗಡಿಯವರಿಂದ ಹೊಸದು ಹಾಕಿಸು.

ನೀಲಿ ಪರದೆಯೂ ಬಂತು ಎಂದೆಯಲ್ಲ, ಅದು ರ್‍ಯಾಮ್ ಅಥವಾ ಡಿಸ್ಕಿನಿಂದಲೂ ಇರಬಹುದು. ರ್‍ಯಾಮ್ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸು, ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪ್ರೋಗ್ರಾಮು ಹಾಕಿ ನೋಡಿದರೆ ಡಿಸ್ಕಿನ ಸ್ಥಿತಿ ತಿಳಿಯುತ್ತದೆ. ಈವೆಂಟ್ ವ್ಯೂವರಿನಲ್ಲಿ 'ಕರ್ನಲ್-ಪವರ್ 41' ಎಂದು ಕಂಡರೆ ಹೆದರಬೇಡ. ಮಷೀನು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ ನೋಡು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ವೈರಸ್ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಗುಟ್ಟಾಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಪ್ರೋಗ್ರಾಮುಗಳೂ ಪ್ರೊಸೆಸರನ್ನು ಕಾಯಿಸುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡು. ಏನೂ ತೆರೆಯದಿದ್ದಾಗಲೂ ಸಿಪಿಯು ಬಳಕೆ ಏರಿಯೇ ಇದ್ದರೆ, ಏರಿಸುತ್ತಿರುವ ಪ್ರೋಗ್ರಾಮಿನ ಹೆಸರು ಬರೆದಿಟ್ಟುಕೋ. ಧೂಳು ತೆಗೆದ ಮೇಲೆ ಮೈಕ್ರೋಸಾಫ್ಟ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಮಾಡು. ವಿಂಡೋಸ್ ಏಳುವ ಮೊದಲೇ ಅದು ಹುಡುಕುವುದರಿಂದ ಅಡಗಿದ್ದ ವೈರಸ್ಸಿಗೆ ತಪ್ಪಿಸಿಕೊಳ್ಳುವುದು ಕಷ್ಟ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಪರದೆಯಲ್ಲಿ ಬಂದರೆ ಮಾತ್ರ ಖಂಡಿತ ಕರೆ ಮಾಡಬೇಡ. ಮೈಕ್ರೋಸಾಫ್ಟಿನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ, ಅದು ಮೋಸ. ಅಕಸ್ಮಾತ್ ಯಾರಾದರೂ ದುಡ್ಡು ಕಿತ್ತರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಪೆನ್‌ಡ್ರೈವ್ ಸಿಕ್ಕಿಸಿದರೇ ವೈರಸ್ ಎಂಬ ಭಯ ನಮ್ಮ ಕಾಲದ್ದು. 2008ರ ಕೊನೆಗೆ ಹುಟ್ಟಿದ ಕಾನ್‌ಫಿಕರ್ ಎಂಬ ವೈರಸ್ ಆ ದಾರಿಯಲ್ಲೂ ಹಬ್ಬಿತ್ತು. ಪೆನ್‌ಡ್ರೈವಿನ ಪ್ರೋಗ್ರಾಮು ತಾನಾಗಿಯೇ ಓಡುವುದನ್ನು ಮೈಕ್ರೋಸಾಫ್ಟ್ 2011ರಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ನಿಲ್ಲಿಸಿತು. ಈಗ ಹೆಚ್ಚಾಗಿ ಅದರೊಳಗಿನದನ್ನು ಯಾರಾದರೂ ತೆರೆದರೆ ತಾನೇ ಅಪಾಯ? ಹಾಗೆ ತೆರೆದೆಯಾ ಎಂದು ಮೆತ್ತಗೆ ಕೇಳು, ಹೇಳುತ್ತಾನೆ. ಬೈದರೆ ಇವತ್ತಿನದನ್ನಷ್ಟೇ ಅಲ್ಲ, ನಾಳೆ ನಿಜವಾಗಿ ಏನಾದರೂ ಆದಾಗಲೂ ಮುಚ್ಚಿಡುತ್ತಾನೆ. ಮನೆಯಲ್ಲಿ ಭಯವಿಲ್ಲದೆ ಬಂದು ಹೇಳುವ ಹುಡುಗ ಇರುವುದು ಯಾವ ಆಂಟಿವೈರಸ್ಸಿಗಿಂತ ದೊಡ್ಡದು ಕಣೇ.

ಧೂಳು ತೆಗೆಯುವಾಗ ಅವನನ್ನೂ ಕರೆದುಕೋ, ಟಾರ್ಚ್ ಹಿಡಿಯಲಿ. ಭಾನುವಾರ ಫೋನ್ ಮಾಡುತ್ತೇನೆ. ಸ್ಕ್ಯಾನಿನಲ್ಲಿ ಏನು ಬಂತೆಂದು ಅವನೇ ನನಗೆ ಹೇಳಲಿ.

ನಿನ್ನ ಗೆಳತಿ