ಮೊದಲು ಮೇಲಿನ ಬೋಲ್ಟ್

ಮನೆಯಲ್ಲೇ ಕಾರಿನ ಗೇರ್ ಆಯಿಲ್ ಬದಲಿಸುವವರು ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನಿಂದ ಹಳೆಯದನ್ನು ಇಳಿಸಿದ ಮೇಲೆ ಹೊಸದು ಹಾಕಲು ದಾರಿಯೇ ಇರುವುದಿಲ್ಲ. ತುಮಕೂರಿನಿಂದ ಗುಬ್ಬಿವರೆಗೆ ಹೋಗಿಬಂದರೆ ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿಗೆ ನುಗ್ಗಬೇಡಿ, ಸ್ಟ್ಯಾಂಡ್ ಇರಲೇಬೇಕು. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಗೇರ್‌ಬಾಕ್ಸ್‌ಗೆ ಜಿಎಲ್-5 ಸುರಿದರೆ ಒಳಗಿನ ಹಿತ್ತಾಳೆ ರಿಂಗುಗಳು ಸವೆಯಬಹುದು. ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಿ.

ನನಗೆ ಹೆಚ್ಚಿನ ಚಿಂತೆ ಹಳೆ ಆಯಿಲಿನದು. ಚರಂಡಿಗೆ ಸುರಿದದ್ದು ಮಳೆ ಬಂದಾಗ ಕೆರೆಗೇ ಹೋಗುವುದು. ತುಮಕೂರಿನ ಅಮಾನಿಕೆರೆಯಾಗಲಿ, ಕುಣಿಗಲ್ ದೊಡ್ಡಕೆರೆಯಾಗಲಿ, ನಮ್ಮವೇ ತಾನೇ? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ದಯವಿಟ್ಟು ಕ್ಯಾನಿಗೆ ತುಂಬಿಸಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟುಬನ್ನಿ.