ನೀರಿನ ಪಾಳಿ, ನಿದ್ದೆಯ ಪಾಳಿ

ಬೆಂಗಳೂರು
9 ನವೆಂಬರ್ 2025, ರವಿವಾರ

ಪ್ರೀತಿಯ ತಂಗೀ,

ಮೊನ್ನೆ ಶುಕ್ರವಾರ ರಾತ್ರಿ ಅವ್ವ ಫೋನ್ ಮಾಡಿದ್ದಳು. “ಏಳಕ್ಕ ಇದ್ದ ಆಕಿ ಮೀಟಿಂಗು ಈಗ ಎಂಟಕ್ಕ ಆಗ್ಲಾಕತ್ತದ. ಕೂಸು ಉಣ್ಣೋ ಹೊತ್ತು, ಮಲಗೋ ಹೊತ್ತು ಎಲ್ಲಾ ಕೆಡ್ತದ. ಗಡಿಯಾರ ಯಾರು ತಿರುವಿದ್ರವ್ವ?” ಅಂತ ಕೇಳಿದಳು. ಹಿಂದೆ ಕೂಸಿನ ಅಳು ಕೇಳುತ್ತಿತ್ತು. ನೀನು ಒಳಗಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡಿದ್ದೀ ಅಂದಳು. ರಾತ್ರಿಯೆಲ್ಲಾ ಅದೇ ಮನಸ್ಸಿನಲ್ಲಿ ಕೊರೆಯಿತು.

ಅವ್ವನಿಗೆ ನೀನೇ ಬಿಡಿಸಿ ಹೇಳು. ತಿರುವಿದವರು ನಿಮ್ಮ ತಂಡದ ನ್ಯೂಜೆರ್ಸಿಯವರು. ಮಾರ್ಚಿನ ಎರಡನೇ ರವಿವಾರ ಅವರ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ, ನವೆಂಬರಿನ ಮೊದಲ ರವಿವಾರ ಹಿಂದೆ ಬರುತ್ತದೆ. ನಮ್ಮದು ವರ್ಷವಿಡೀ ಅಲ್ಲಾಡುವುದಿಲ್ಲ. ಅವರ ಬೆಳಗಿನ ಒಂಬತ್ತೂವರೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳು, ಚಳಿಗಾಲದಲ್ಲಿ ರಾತ್ರಿ ಎಂಟು. ಜರ್ಮನಿಯವರು ಒಂದು ವಾರ ಮೊದಲೇ, ಅಕ್ಟೋಬರಿನ ಕೊನೆಯ ರವಿವಾರ, ತಮ್ಮದನ್ನು ಹಿಂದೆ ಮಾಡಿಕೊಂಡರು. ಆ ನಡುವಿನ ವಾರ ನಿಮ್ಮ ತಂಡದ ಜರ್ಮನಿಯವರು ಒಂದು ತಾಸು ತಡವಾಗಿ ಬಂದದ್ದು ಅದಕ್ಕೇ. ಅವರದು ಸೋಮಾರಿತನ ಅಲ್ಲ.

ಗಡಿಯಾರ ಅನ್ನುವುದು ದೇವರು ಕೊಟ್ಟದ್ದಲ್ಲ, ಜನ ಮಾಡಿಕೊಂಡ ಒಪ್ಪಂದ. ನಮ್ಮ ದೇಶದ ವೇಳೆ 1906ರಿಂದ 82.5 ಡಿಗ್ರಿ ರೇಖಾಂಶದ ಲೆಕ್ಕದ ಮೇಲೆ ನಡೆದಿದೆ. ಆ ಗೆರೆ ಹೋಗುವುದು ದೂರದ ಮಿರ್ಜಾಪುರದ ಹತ್ತಿರ. ಆಳಂದ ಅದಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ ನಮ್ಮೂರ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಇಪ್ಪತ್ಮೂರು ಇಪ್ಪತ್ನಾಲ್ಕು ನಿಮಿಷ ಹಿಂದೆ. ದೇಶ ಒಂದಾಗಿ ನಡೆಯಲಿ ಅಂತ ಅಷ್ಟನ್ನು ನಾವು ಬಿಟ್ಟುಕೊಟ್ಟಿದ್ದೇವೆ. ಒಪ್ಪಂದ ಅಂದಮೇಲೆ ಎಲ್ಲರೂ ಸ್ವಲ್ಪ ಸ್ವಲ್ಪ ಬಿಡಬೇಕು. ಒಬ್ಬರೇ ದಿನಾಲೂ ಬಿಟ್ಟುಕೊಡುತ್ತಿದ್ದರೆ ಅದು ಒಪ್ಪಂದ ಹೇಗಾದೀತು?

ಇದನ್ನು ನಾವು ಕಲಿತದ್ದು ಹೊಲದಲ್ಲಿ. ದೊಡ್ಡಪ್ಪ, ಅಪ್ಪ, ಕಾಕಾ, ಮೂವರಿಗೂ ಸೇರಿ ಒಂದೇ ಬಾವಿ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುತ್ತಿತ್ತು. ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಕಬ್ಬಿಗೆ ನೀರು ಬಿಡುವ ಕೆಲಸ ಯಾರಿಗೆ ಬೇಕಿತ್ತು? ಅದಕ್ಕೇ ಪಾಳಿ. ಮೋಟಾರ್ ಖೋಲಿಯ ಗೋಡೆ ಮೇಲೆ ಅಪ್ಪ ಇದ್ದಲಿಯಿಂದ ಗೀಟು ಹಾಕುತ್ತಿದ್ದ: ಯಾರ ರಾತ್ರಿ ಎಷ್ಟಾಯಿತು ಅಂತ. “ನಿದ್ದಿ ಎಲ್ಲಾರಿಗೂ ಬೇಕು, ಕೆಡಿಸ್ಕೊಳ್ಳೋದೂ ಪಾಳಿ ಮ್ಯಾಲೇ ಆಗ್ಬೇಕು” ಅನ್ನುತ್ತಿದ್ದ. ಹಿರಿಯ ಅಂತ ದೊಡ್ಡಪ್ಪನಿಗೆ ಒಂದು ರಾತ್ರಿಯೂ ಕಡಿಮೆ ಆಗಲಿಲ್ಲ.

ನಾನು ಮೊದಲ ಸಲ ತಂಡ ನೋಡಿಕೊಂಡಾಗ ಆ ಗೋಡೆಯನ್ನು ಮರೆತೆ. ಕ್ಯಾಲಿಫೋರ್ನಿಯಾದವರ ಬೆಳಗಿನ ಎಂಟಕ್ಕೆ ಹೊಂದಲಿ ಅಂತ ಚಳಿಗಾಲದಲ್ಲಿ ನಮ್ಮ ದಿನದ ಸ್ಟ್ಯಾಂಡ್‌ಅಪ್ ಮೀಟಿಂಗು ರಾತ್ರಿ ಒಂಬತ್ತೂವರೆಗೆ ಇಟ್ಟೆ. ಯಾರೂ ಬೇಡ ಅನ್ನಲಿಲ್ಲ, ಒಪ್ಪಿದ್ದಾರೆ ಅಂದುಕೊಂಡೆ. ಹದಿನೈದು ನಿಮಿಷ ಅಂತ ಹೆಸರು, ಮುಗಿಯುವಷ್ಟರಲ್ಲಿ ಹತ್ತೂಕಾಲು. ಪಿ.ಜಿ.ಯಲ್ಲಿದ್ದ ಒಬ್ಬ ಹುಡುಗಿಗೆ ಊಟದ ಬಾಗಿಲು ಹತ್ತಕ್ಕೇ ಮುಚ್ಚುತ್ತಿತ್ತು. ಎಷ್ಟೋ ರಾತ್ರಿ ಬಿಸ್ಕೀಟು ತಿಂದು ಮಲಗಿದ್ದಳು ಅಂತ ನನಗೆ ತಿಳಿದದ್ದು ಅವಳು ಕೆಲಸ ಬಿಟ್ಟ ದಿನ. ಆ ನೋವು ಇನ್ನೂ ಹೋಗಿಲ್ಲ. ಅದಕ್ಕೇ ನಿನಗೆ ಇಷ್ಟೆಲ್ಲಾ ಬರೆಯುತ್ತಿದ್ದೇನೆ.

2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಬೆಟ್ಟದೂರು ಸ್ನೋಬರ್ಡಿನಲ್ಲಿ 17 ಜನ ಕೂತು ಮಾತಾಡಿದ್ದರಿಂದ ನಮ್ಮ ಸಾಫ್ಟ್‌ವೇರ್ ತಂಡಗಳಿಗೆ ದಾರಿ ತೋರುವ ಅಜೈಲ್ ಪ್ರಣಾಳಿಕೆ ಹುಟ್ಟಿತು. ಅದರ ಹನ್ನೆರಡು ತತ್ವಗಳಲ್ಲಿ ಎದುರುಬದುರು ಮಾತಾಡಬೇಕು ಅನ್ನುವುದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಕೆಲಸದ ವೇಗ ಎಷ್ಟು ಕಾಲವಾದರೂ ತಾಳಿ ಬರುವಂತಿರಬೇಕು ಅನ್ನುವುದೂ ಅದರಲ್ಲೇ ಇದೆ. ಕೂಸಿಗೆ ಉಣ್ಣಿಸಲು ಆಗದ ವೇಗ ಎಷ್ಟು ದಿನ ತಾಳೀತು?

ಮಾಡಿದ ಕೆಲಸವನ್ನು ಹಿಂತಿರುಗಿ ನೋಡುವ ಮುಂದಿನ ರೆಟ್ರೊ ಮೀಟಿಂಗಿನಲ್ಲಿ ಬಾಯಿ ಬಿಡು. ಬೇಡಿಕೊಳ್ಳಬೇಡ, ಲೆಕ್ಕ ಇಡು. ಪ್ರತಿಯೊಬ್ಬರ ಊಟ, ನಿದ್ದೆ, ಮಕ್ಕಳ ಶಾಲೆಯ ಹೊತ್ತನ್ನು ಒಂದೇ ಹಾಳೆಯಲ್ಲಿ ಬರೆಸು. ನ್ಯೂಜೆರ್ಸಿಯಲ್ಲೂ ಒಬ್ಬ ತಾಯಿಗೆ ಬೆಳಗಿನ ಶಾಲೆಯ ಗಡಿಬಿಡಿ ಇರಬಹುದು. ಕೆಲಸದ ಒಂದು ಸುತ್ತು, ಅಂದರೆ ಒಂದು ಸ್ಪ್ರಿಂಟ್, ಮುಗಿಯುವವರೆಗೆ ಮೀಟಿಂಗು ನಿನ್ನ ರಾತ್ರಿ ಎಂಟಕ್ಕೆ ಆಗಲಿ. ಮುಂದಿನ ಸ್ಪ್ರಿಂಟಿನಲ್ಲಿ ಸಂಜೆ ಆರೂವರೆಗೆ. ಆಗ ನ್ಯೂಜೆರ್ಸಿಯವರಿಗೆ ಬೆಳಿಗ್ಗೆ ಎಂಟು, ಜರ್ಮನಿಗೆ ಮಧ್ಯಾಹ್ನ ಎರಡು. ವಾರದಲ್ಲಿ ಎರಡು ದಿನ ಸ್ಟ್ಯಾಂಡ್‌ಅಪ್ ಬರವಣಿಗೆಯಲ್ಲೇ ಸಾಕು: ನಿನ್ನೆ ಏನಾಯಿತು, ಎಲ್ಲಿ ತಡೆದಿದೆ ಅಂತ ಅವರವರ ಹೊತ್ತಿಗೆ ಬರೆಯಲಿ. ಪ್ಲ್ಯಾನಿಂಗಿಗೂ ರೆಟ್ರೊಕ್ಕೂ ಮಾತ್ರ ಎಲ್ಲರ ಮುಖ ಬೇಕೇ ಬೇಕು. 2026ರಲ್ಲಿ ಅಮೆರಿಕದ ಗಡಿಯಾರ ಮಾರ್ಚ್ 8ಕ್ಕೆ ತಿರುಗುತ್ತದೆ, ಜರ್ಮನಿಯದು 29ಕ್ಕೆ. ಆ ಮೂರು ವಾರಕ್ಕೆ ಈಗಲೇ ಗುರುತು ಹಾಕಿಡು.

ಮುಂದಿನ ತಿಂಗಳು ಎಳ್ಳಮಾವಾಸ್ಯೆ. ಅವರ ಕ್ರಿಸ್‌ಮಸ್ ತಂಡದ ಕ್ಯಾಲೆಂಡರಿನಲ್ಲಿ ಇದ್ದೇ ಇರುತ್ತದೆ, ನಮ್ಮ ಹಬ್ಬವನ್ನು ನೀನೇ ಬರೆಯಬೇಕು. ನಾನು ಬರುತ್ತೇನೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮೋಟಾರ್ ಖೋಲಿಗೆ ಹೋಗೋಣ. ಅಪ್ಪ ಹೋದಮೇಲೆ ಆ ಗೋಡೆಗೆ ಯಾರೂ ಸುಣ್ಣ ಬಳಿದಿಲ್ಲ. ಗೀಟುಗಳು ಹಾಗೇ ಇವೆ, ಮೂರು ಸಾಲು, ಹೆಚ್ಚೂಕಡಿಮೆ ಸರಿಸಮ.

ಇತಿ ನಿನ್ನ
ಅಕ್ಕ